ಇಲಿ ಬದುಕಿತಂತೆ, ಅಡಿಕೆ ಖುಲಾಸೆಯಂತೆ

ಅಡಿಕೆಯೊಳಗಿನ ಅರೆಕೊಲಿನ್ ಎಂಬ ಆಲ್ಕಲಾಯ್ಡ್, ರಕ್ತಪರಿಚಲನೆ ಕುಸಿದುಬಿದ್ದಾಗ, ಅಂದರೆ ವೈದ್ಯರು ಶಾಕ್ ಎನ್ನುತ್ತಾರಲ್ಲ ಆ ಸ್ಥಿತಿಯಲ್ಲಿ, ನೆರವಿಗೆ ಬಂದೀತೇ ಎಂದು ಪ್ರಯೋಗಾಲಯಗಳಲ್ಲಿ ಹುಡುಕಾಟ ನಡೆದಿದೆ. ಇಂಥ ಸುದ್ದಿ ಕರ್ನಾಟಕದೊಳಕ್ಕೆ ಕಾಲಿಟ್ಟರೆ ಅದರ ಗತಿ ಏನಾಗುತ್ತದೆಂದು ಹೇಳಲು ಪಂಚಾಂಗ ನೋಡಬೇಕಿಲ್ಲ. ಬೆಳಿಗ್ಗೆ ಅದು 'ಅಡಿಕೆಯ ಅಂಶಕ್ಕೆ ಔಷಧೀಯ ಗುಣ'. ಮಧ್ಯಾಹ್ನದ ಹೊತ್ತಿಗೆ ವಾಟ್ಸ್‌ಆ್ಯಪಿನಲ್ಲಿ 'ಅಡಿಕೆ ಜೀವರಕ್ಷಕ'. ಸಂಜೆ ಯಾವುದಾದರೂ ಸಮಾವೇಶದಲ್ಲಿ ಶಾಲು ಹೊದ್ದವರೊಬ್ಬರು ಮೈಕು ಹಿಡಿದು, ಅಡಿಕೆಗೆ ಕಳಂಕ ಹಚ್ಚಿದವರ ಬಾಯನ್ನು ವಿಜ್ಞಾನವೇ ಮುಚ್ಚಿಸಿದೆ ಎನ್ನುತ್ತಾರೆ. ಚಪ್ಪಾಳೆ.

ಈ ರಾಜ್ಯದ ಪಕ್ಷಗಳೆಲ್ಲ ಒಂದೇ ದನಿಯಲ್ಲಿ ಹೇಳುವ ಮಾತುಗಳು ತೀರಾ ಕಡಿಮೆ. ಅದರಲ್ಲೊಂದು: ಅಡಿಕೆ ನಿರಪರಾಧಿ, ಕೇಡೆಲ್ಲ ತಂಬಾಕಿನದು. ಶಾಸಕರು ಹೇಳುತ್ತಾರೆ, ಸಂಸದರು ಹೇಳುತ್ತಾರೆ, ಸಹಕಾರ ಸಂಘಗಳ ವಾರ್ಷಿಕ ಸಭೆಗಳಲ್ಲಿ ಅದು ನಾಡಗೀತೆಯಷ್ಟೇ ಕಡ್ಡಾಯ. ಪತ್ರಿಕೆಗಳೂ ಈ ಮಾತನ್ನು ಪ್ರಶ್ನಿಸದೆ ಅಚ್ಚು ಹಾಕುತ್ತವೆ. ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ ಕೂತು ಬರೆಯುವ ನನಗೆ ಇದು ಬರೀ ತಪ್ಪು ತಿಳಿವಳಿಕೆಯಾಗಿ ಕಾಣುವುದಿಲ್ಲ. ಅಡಿಕೆ ಬೆಳೆಯುವುದು ತೀರ್ಥಹಳ್ಳಿ, ಸಾಗರ, ಚನ್ನಗಿರಿಯಲ್ಲಿರಬಹುದು. ಅದು ಪುಡಿಯಾಗಿ ಪ್ಯಾಕೆಟ್ಟು ಸೇರಿ ಕೊನೆಗೆ ಬಂದು ಬೀಳುವುದು ಇಲ್ಲಿನ ಬಾಯಿಗಳಿಗೆ. ಖುಲಾಸೆಯ ಆದೇಶ ಅಲ್ಲಿ ಹೊರಡುತ್ತದೆ, ಶಿಕ್ಷೆ ಇಲ್ಲಿ ಜಾರಿಯಾಗುತ್ತದೆ.

ಮೊದಲು ಆ ಸಂಶೋಧನೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ತುಮಕೂರು ರಸ್ತೆಯಲ್ಲಿ ಲಾರಿಗೆ ಸಿಕ್ಕು ತೊಡೆಮೂಳೆ ಮುರಿದುಕೊಂಡವನನ್ನು ನೆನೆಯಿರಿ. ರಕ್ತ ಸೋರುತ್ತದೆ, ಬಿ.ಪಿ. ಇಳಿಯುತ್ತದೆ. ಮಿದುಳು, ಹೃದಯಗಳನ್ನಾದರೂ ಉಳಿಸಿಕೊಳ್ಳೋಣವೆಂದು ದೇಹ ಚರ್ಮ, ಕರುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳನ್ನು ಬಿಗಿದುಬಿಡುತ್ತದೆ. ಕೈಕಾಲು ತಣ್ಣಗಾಗುವುದು, ಮೂತ್ರ ನಿಲ್ಲುವುದು ಇದಕ್ಕೇ. ಬಿಗಿತ ಬಹಳ ಹೊತ್ತು ಉಳಿದರೆ ಆಮೇಲೆ ಬಾಟಲಿಗಟ್ಟಲೆ ರಕ್ತ ಏರಿಸಿದರೂ ಆ ಸಣ್ಣ ನಾಳಗಳಲ್ಲಿ ಹರಿವು ಮರಳದೆ ಹೋಗಬಹುದು. ದೊಡ್ಡ ನಾಳದಲ್ಲಿ ಬಿ.ಪಿ. ಸರಿಯಾಗಿದ್ದರೂ ಅಂಗಾಂಗಗಳು ಒಳಗೊಳಗೇ ಸಾಯುತ್ತಿರುತ್ತವೆ. ಈ ಸಣ್ಣ ನಾಳಗಳ ಬಾಗಿಲು ತೆಗೆಸುವುದು ಹೇಗೆ ಎಂಬುದು ಶಾಕ್ ಚಿಕಿತ್ಸೆಯ ಹಳೆಯ, ಕಷ್ಟದ ಪ್ರಶ್ನೆ.

1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳನ್ನು ಇಟ್ಟುಕೊಂಡು ಒಂದು ಸರಳ ಸಂಗತಿ ತೋರಿಸಿದರು. ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕವನ್ನು ಹಾಕಿದರೆ ನಾಳ ಸಡಿಲವಾಗುತ್ತದೆ. ನಾಳದ ಒಳಪೊರೆಯನ್ನು ಉಜ್ಜಿ ತೆಗೆದು ಹಾಕಿದರೆ ಆಗುವುದಿಲ್ಲ. ಸಡಿಲಗೊಳ್ಳು ಎಂಬ ಸಂದೇಶ ಹೊರಡುವುದೇ ಒಳಪೊರೆಯಿಂದ, ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ, ಎಂಬಲ್ಲಿಗೆ ಆ ಎಳೆ ಹೋಗಿ ಮುಟ್ಟಿತು. 1998ರ ನೊಬೆಲ್ ಅದಕ್ಕೇ ಬಂತು. ಇನ್ನು ನಮ್ಮ ಅರೆಕೊಲಿನ್. 1888ರಲ್ಲಿ ಜರ್ಮನಿಯ ಯಾನ್ಸ್ ಅಡಿಕೆಯಿಂದ ಬೇರ್ಪಡಿಸಿದ ಈ ಅಣು ಅಸಿಟೈಲ್‌ಕೋಲಿನ್‌ನ ವೇಷ ಹಾಕಬಲ್ಲದು. ಅಸಿಟೈಲ್‌ಕೋಲಿನ್‌ಗೆಂದು ಇರುವ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಹಾಗಾದರೆ ನಾಳದ ಒಳಪೊರೆಯ ಗ್ರಾಹಕಗಳನ್ನು ಇದರಿಂದ ತಟ್ಟಿ, ಶಾಕ್‌ನಲ್ಲಿ ಮುಚ್ಚಿಹೋದ ಸಣ್ಣ ನಾಳಗಳನ್ನು ತೆಗೆಸಬಹುದೇ? ಒಳ್ಳೆಯ ಪ್ರಶ್ನೆ. ಕೇಳಲೇಬೇಕಾದ ಪ್ರಶ್ನೆ.

ಆದರೆ ಆ ಪ್ರಯೋಗಾಲಯದ ಕೋಣೆಯೊಳಗೆ ಇರುವುದೇನು? ಶುದ್ಧಗೊಳಿಸಿದ ಒಂದು ಅಣು, ಅಳೆದ ಪ್ರಮಾಣ, ಸೂಜಿ, ಅರಿವಳಿಕೆಯಲ್ಲಿ ಮಲಗಿದ ಒಂದು ಪ್ರಾಣಿ. ಅಗಿಯುವ ಬಾಯಿ ಆ ಕೋಣೆಯಲ್ಲಿ ಇಲ್ಲ. ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ದವಡೆಯಲ್ಲಿ ಒತ್ತಿಟ್ಟುಕೊಂಡ ಪುಡಿಯೂ ಇಲ್ಲ. ಶಾಕ್‌ಗೆ ಬಿದ್ದವನಿಗೆ ಆಸ್ಪತ್ರೆ ಇಂದಿಗೂ ಮಾಡುವುದು ರಕ್ತಸ್ರಾವ ನಿಲ್ಲಿಸುವುದು, ದ್ರವ ಮತ್ತು ರಕ್ತ ಏರಿಸುವುದು, ನಂಜೇರಿದ್ದರೆ ಆ್ಯಂಟಿಬಯಾಟಿಕ್, ನಾರ್‌ಅಡ್ರಿನಲಿನ್ ಕೊಡುವುದು. ತುರ್ತು ಚಿಕಿತ್ಸಾ ಘಟಕದ ಬಾಗಿಲಲ್ಲಿ ಎಲೆ ಅಡಿಕೆ ತಟ್ಟೆ ಇಟ್ಟ ಆಸ್ಪತ್ರೆಯನ್ನು ಯಾರಾದರೂ ಕಂಡಿದ್ದೀರಾ?

ಒಂದು ಅಣು ಪ್ರಾಣಿಯ ಮೇಲೆ ಒಳ್ಳೆಯದು ಮಾಡಿದರೆ ಅದು ಹುಟ್ಟಿದ ಕಾಯಿಯೂ ಒಳ್ಳೆಯದೇ ಎಂಬುದು ನಿಮ್ಮ ವಾದವಾದರೆ, ದಯವಿಟ್ಟು ಅದನ್ನು ಕೊನೆಯವರೆಗೂ ಒಯ್ಯಿರಿ. 2000ದಲ್ಲಿ ನ್ಯೂಯಾರ್ಕಿನ ಕೆವಿನ್ ಟ್ರೇಸಿ ಅವರ ತಂಡ ವೇಗಸ್ ನರವನ್ನು ಪ್ರಚೋದಿಸಿ ಇಲಿಗಳನ್ನು ನಂಜಿನ ಶಾಕ್‌ನಿಂದ ಕಾಪಾಡಬಹುದೆಂದು ತೋರಿಸಿತು. ನಾಲ್ಕು ವರ್ಷದ ಮೇಲೆ, 2004ರಲ್ಲಿ, ಅದೇ ದಾರಿ ಹಿಡಿದ ಇನ್ನೊಂದು ಅಧ್ಯಯನದಲ್ಲಿ ನಂಜೇರಿದ ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕುಳಿದವು. ಅವಕ್ಕೆ ಕೊಟ್ಟಿದ್ದು ಯಾವ ಅಣು? ನಿಕೋಟಿನ್. ಸಾಕ್ಷಾತ್ ತಂಬಾಕಿನ ನಿಕೋಟಿನ್. ಹಾಗಾದರೆ ಬೀಡಿ ಕಟ್ಟಿನ ಮೇಲೆ 'ನಂಜು ನಿವಾರಕ' ಎಂದು ಮುದ್ರಿಸೋಣವೇ? ಅಡಿಕೆಯನ್ನು ಬಿಡಿಸಲು ನೀವು ಬಳಸುವ ವಾದ ನಿಮ್ಮ ಪರಮ ಶತ್ರುವಾದ ತಂಬಾಕನ್ನೂ ಅದೇ ಕಟಕಟೆಯಿಂದ ಬಿಡಿಸಿ ಕಳಿಸುತ್ತದಲ್ಲ, ಇದನ್ನು ಯೋಚಿಸಿದಿರಾ?

ಉಮ್ಮತ್ತಿ ಇನ್ನೂ ಒಳ್ಳೆಯ ಉದಾಹರಣೆ. ಕೀಟನಾಶಕ ಕುಡಿದು ಬಂದವರನ್ನು ನಮ್ಮ ಜಿಲ್ಲಾಸ್ಪತ್ರೆಗಳು ಅಟ್ರೊಪಿನ್ ಕೊಟ್ಟು ಬದುಕಿಸುತ್ತವೆ. ಅದೇ ಕುಲದ ಆಲ್ಕಲಾಯ್ಡ್‌ಗಳು ಪಾಳುಜಾಗದ ಉಮ್ಮತ್ತಿ ಗಿಡದಲ್ಲಿವೆ. ಪ್ರಯೋಗಾಲಯದ ಪ್ರಾಣಿಗಳ ಮಾತು ಹಾಗಿರಲಿ, ಸಾವಿರಾರು ಮನುಷ್ಯರ ಪ್ರಾಣ ಉಳಿಸಿದ ಅಣು ಇದು. ಆದರೂ ಉಮ್ಮತ್ತಿಕಾಯಿ ಜಗಿಯಿರಿ ಎಂದು ಯಾರೂ ಹೇಳಿಲ್ಲ, ಉಮ್ಮತ್ತಿಯ ಮಾನ ಕಾಪಾಡಲು ಸರ್ಕಾರ ಕಾರ್ಯಪಡೆ ರಚಿಸಿಲ್ಲ. ಕಾರಣ ಸರಳ. ಉಮ್ಮತ್ತಿಗೆ ಮಂಡಿ ಇಲ್ಲ, ಕ್ವಿಂಟಾಲಿಗೆ ರೇಟಿಲ್ಲ, ಅದನ್ನು ಬೆಳೆಯುವ ಮತಕ್ಷೇತ್ರವಿಲ್ಲ.

ಇನ್ನೊಂದು ತಮಾಷೆ ನೋಡಿ. ಅಡಿಕೆಗೂ ರಕ್ತಪರಿಚಲನೆಗೂ ಇರುವ ನಂಟನ್ನು ತಿಳಿಯಲು ಮಲೆನಾಡಿನವರಿಗೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ. ಅಡಿಕೆ ಸೊಕ್ಕುವುದು ಎಂದರೇನೆಂದು ತೋಟದ ಮನೆಯ ಮಕ್ಕಳಿಗೂ ಗೊತ್ತು. ಅಭ್ಯಾಸವಿಲ್ಲದವನೊಬ್ಬ ಹಸಿ ಅಡಿಕೆ ಬಾಯಿಗೆ ಹಾಕಿಕೊಂಡು ಎರಡು ಸಲ ಜಗಿಯುತ್ತಾನೆ. ಕಿವಿ ಬಿಸಿಯಾಗುತ್ತದೆ, ಹಣೆಯಲ್ಲಿ ಬೆವರು ಸಾಲುಗಟ್ಟುತ್ತದೆ, ಎದೆ ಬಿಗಿಯುತ್ತದೆ, ಕಣ್ಣು ಕತ್ತಲಿಟ್ಟು ಜಗಲಿಯ ಕಂಬ ಹಿಡಿದು ಕೂರುತ್ತಾನೆ. ಮನೆಯವರು ನಕ್ಕು ತಣ್ಣೀರು ಕುಡಿಸಿ ಮಲಗಿಸುತ್ತಾರೆ. ಅರೆಕೊಲಿನ್ ರಕ್ತನಾಳಗಳ ಮೇಲೆ, ಹೃದಯದ ಮೇಲೆ, ಶ್ವಾಸನಾಳದ ಮೇಲೆ ಮಾಡುವ ಕೆಲಸದ ಪ್ರಾತ್ಯಕ್ಷಿಕೆ ಅದು. ತೈವಾನಿನ ವಿಷಚಿಕಿತ್ಸಾ ವೈದ್ಯರು ಇದನ್ನೇ ಆಸ್ಪತ್ರೆಯ ಭಾಷೆಯಲ್ಲಿ ದಾಖಲಿಸಿದ್ದಾರೆ: ಅಡಿಕೆ ಜಗಿದು ಎದೆ ಡವಗುಟ್ಟಿ, ರಕ್ತದೊತ್ತಡ ಕುಸಿದು, ಉಸಿರು ಸಿಕ್ಕಿಕೊಂಡು ಬಂದವರು. ಶಾಕ್‌ಗೆ ಮದ್ದೆಂದು ಮೆರವಣಿಗೆ ಹೊರಟಿರುವ ವಸ್ತು ಬಿ.ಪಿ. ಬೀಳಿಸಿ ಜನರನ್ನು ಆಸ್ಪತ್ರೆಗೆ ಕಳಿಸಿದ ವಸ್ತುವೂ ಹೌದು. ಪ್ರಮಾಣ, ದಾರಿ, ದೇಹದ ಸ್ಥಿತಿ ಬದಲಾದರೆ ಮದ್ದು ವಿಷವಾಗುತ್ತದೆ ಎಂಬುದು ಔಷಧ ವಿಜ್ಞಾನದ ಮೊದಲ ಪಾಠ. ಸಮಾವೇಶದ ವೇದಿಕೆಯವರು ಆ ದಿನ ತರಗತಿಗೆ ಬಂದಿರಲಿಲ್ಲವೆಂದು ಕಾಣುತ್ತದೆ.

ಈ ಆಟ ಹೊಸದೂ ಅಲ್ಲ. 2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ನೆರವಾಗುವ ಒಂದು ಕಿಣ್ವವನ್ನು ಅರೆಕೊಲಿನ್ ಹೈಡ್ರೊಬ್ರೊಮೈಡ್ ತಡೆಯುತ್ತದೆಂದು ಪ್ರಕಟಿಸಿದರು. ಕೋಶಗಳಲ್ಲಿ, ಇಲಿಗಳಲ್ಲಿ ಮಾಡಿದ ಕೆಲಸ ಅದು. ನಮ್ಮಲ್ಲಿ ಅದು ಏನಾಯಿತು? ಅಡಿಕೆ ಕ್ಯಾನ್ಸರ್ ತರುವುದಿರಲಿ, ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂದಾಯಿತು. ಇಂದಿಗೂ ಅಡಿಕೆಯ ಪರವಾದ ಮನವಿಪತ್ರಗಳಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ಹೆಸರು ಮಂತ್ರಾಕ್ಷತೆಯಂತೆ ಬೀಳುತ್ತದೆ. ಕ್ಯಾನ್ಸರ್‌ಗೆ ಕೊಡುವ ಹಲವು ಔಷಧಗಳು ತಾವೇ ಕ್ಯಾನ್ಸರ್ ತರಬಲ್ಲವು ಎಂಬುದು ವೈದ್ಯಶಾಸ್ತ್ರದಲ್ಲಿ ಹಳೆಯ ಸಂಗತಿ. ಒಂದು ಗುಣ ಇನ್ನೊಂದು ದೋಷವನ್ನು ಅಳಿಸಿಹಾಕುವುದಿಲ್ಲ.

ಅರೆಕೊಲಿನ್‌ನಿಂದ ನಿಜವಾಗಿ ಔಷಧ ಹುಟ್ಟಿದ ಕಥೆ ಬೇಕೇ? ಇದೆ. ಅರೆಕೊಲಿನ್‌ನ ರಚನೆಯನ್ನು ಮಾದರಿಯಾಗಿಟ್ಟುಕೊಂಡು ರಸಾಯನಶಾಸ್ತ್ರಜ್ಞರು ಕ್ಸಾನೊಮೆಲಿನ್ ಎಂಬ ಹೊಸ ಅಣು ಕಟ್ಟಿದರು. 1990ರ ದಶಕದಲ್ಲಿ ಆಲ್‌ಝೈಮರ್ ರೋಗಿಗಳ ಮೇಲೆ ಪರೀಕ್ಷಿಸಿದಾಗ ವಾಂತಿ, ಬೆವರು ತಾಳಲಾರದೆ ಅನೇಕರು ಬಿಟ್ಟುಹೋದರು. ಕೊನೆಗೆ ದೇಹದ ಉಳಿದ ಭಾಗಗಳಲ್ಲಿ ಅದರ ಪರಿಣಾಮವನ್ನು ತಡೆಯುವ ಟ್ರೋಸ್ಪಿಯಂ ಎಂಬ ಇನ್ನೊಂದು ಔಷಧವನ್ನು ಜೊತೆಗೆ ಕಟ್ಟಿದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಸ್ಕಿಜೋಫ್ರೇನಿಯಾಕ್ಕೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೂವತ್ತು ವರ್ಷದ ಕೆಲಸ, ಬದಲಾಯಿಸಿ ಕಟ್ಟಿದ ಅಣು, ಅದಕ್ಕೊಬ್ಬ ಕಾವಲುಗಾರ. ಇದು ಅಡಿಕೆಯ ವಿಜಯವೆಂದು ಹಾರ ಹಾಕಿಸಿಕೊಳ್ಳುವವರಿಗೆ ನನ್ನದೊಂದೇ ಪ್ರಶ್ನೆ: ಅಷ್ಟು ಒಳ್ಳೆಯದಿದ್ದರೆ ಅಡಿಕೆಯನ್ನೇ ಕೊಡಬಹುದಿತ್ತಲ್ಲ, ಅವರು ಯಾಕೆ ಮೂವತ್ತು ವರ್ಷ ಒದ್ದಾಡಿದರು?

ಈಗ ಎಲ್ಲರ ಮೆಚ್ಚಿನ ವಾದಕ್ಕೆ ಬರೋಣ. ಕೇಡು ತಂಬಾಕಿನದು, ಅಡಿಕೆ ಪಾಪದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಈ ವಿಷಯ ಪರಿಶೀಲಿಸಿದಾಗ, ತಂಬಾಕು ಸೇರಿದ ತಾಂಬೂಲ ಕ್ಯಾನ್ಸರ್‌ಕಾರಕ, ತಂಬಾಕಿಲ್ಲದ್ದರ ಬಗ್ಗೆ ಪುರಾವೆ ಸಾಲದು ಎಂದಿತು. ಆಗ ಅದು ಯಾರ ಮೇಲೂ ಹಗೆ ಸಾಧಿಸಲಿಲ್ಲ, ಪುರಾವೆ ಇಲ್ಲದ್ದಕ್ಕೆ ಇಲ್ಲವೆಂದಿತು. ನಂತರ ತೈವಾನಿನಿಂದ ಅಧ್ಯಯನಗಳು ಬಂದವು. ಅಲ್ಲಿಯ ತಾಂಬೂಲಕ್ಕೆ ತಂಬಾಕು ಹಾಕುವ ಪದ್ಧತಿಯೇ ಇಲ್ಲ. ಬಾಯಿಯ ಕ್ಯಾನ್ಸರ್ ಮಾತ್ರ ಧಾರಾಳ. 2004ರ ವರದಿ ತಂಬಾಕಿಲ್ಲದ ತಾಂಬೂಲವನ್ನೂ, ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2020ರಲ್ಲಿ ಅರೆಕೊಲಿನ್ ಅನ್ನೇ ಬೇರೆಯಾಗಿ ತೂಗಿ, ಕ್ಯಾನ್ಸರ್ ತರಬಹುದಾದ ವಸ್ತು ಎಂದಿತು. ಇಪ್ಪತ್ತು ವರ್ಷದಿಂದ ನಾವು ಇದಕ್ಕೆ ಕೊಡುತ್ತಿರುವ ಉತ್ತರವೇನು? ವಿದೇಶಿ ಪಿತೂರಿ! ಅಡಿಕೆ ಸಂಸ್ಕೃತಿಯೇ ಇಲ್ಲದ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕೂತವರಿಗೆ ಶಿರಸಿಯ ತೋಟಗಾರನ ಮೇಲೆ ಏನು ದ್ವೇಷ, ಸ್ವಾಮಿ? ಅದೇ ಸಂಸ್ಥೆ ತಂಬಾಕು ಕ್ಯಾನ್ಸರ್ ತರುತ್ತದೆ ಎಂದಾಗ ಮಾತ್ರ ಅದು ಪ್ರಾಮಾಣಿಕ, ಅಡಿಕೆಯ ಹೆಸರೆತ್ತಿದೊಡನೆ ಪಿತೂರಿಗಾರ. ಹೀಗೆ ಪುಟ ಆರಿಸಿಕೊಂಡು ನಂಬುವುದಾದರೆ ವರದಿಯಾದರೂ ಯಾಕೆ ಬೇಕು?

ಆ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಕಂಡ ಸುಮಾರು 3,89,800 ಬಾಯಿಯ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅವುಗಳಲ್ಲಿ 83,400 ಭಾರತದವು. ಹೌದು, ಲೆಕ್ಕದಲ್ಲಿ ಎರಡೂ ಒಟ್ಟಿಗಿವೆ. ಬಾಯಲ್ಲೂ ಒಟ್ಟಿಗೇ ಇರುತ್ತವೆ.

ಅಡಿಕೆ ಒಂಟಿಯಾಗಿ ಮಾಡುವ ಕೇಡು ನೋಡಬೇಕೆಂದರೆ ಕ್ಯಾನ್ಸರ್‌ವರೆಗೂ ಹೋಗಬೇಕಿಲ್ಲ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ವಿಚಿತ್ರ ರೋಗ ಕಂಡು ಬರೆದರು. ಮರುವರ್ಷ ಮುಂಬಯಿಯ ಜೋಷಿ ಅದನ್ನು ಇಲ್ಲಿ ಗುರುತಿಸಿ ಇವತ್ತಿನ ಹೆಸರು ಕೊಟ್ಟರು. ಸಬ್‌ಮ್ಯೂಕಸ್ ಫೈಬ್ರೋಸಿಸ್. ಅರೆಕೊಲಿನ್ ಕೆನ್ನೆಯ ಒಳಪದರದ ಕೋಶಗಳನ್ನು ಕೆರಳಿಸಿ ಕೊಲಾಜೆನ್ ಎಂಬ ನಾರನ್ನು ಅತಿಯಾಗಿ ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರ ಹೇರಳ. ಆ ತಾಮ್ರ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹೆಣೆದ ನಾರನ್ನು ದೇಹ ಕರಗಿಸಲಾರದು. ಮೊದಲು ಖಾರದ ಸಾರು ಬಾಯಿಗಿಟ್ಟರೆ ಉರಿ. ಆಮೇಲೆ ಕೆನ್ನೆಯ ಒಳಗೆ ಬೆರಳಾಡಿಸಿದರೆ ಹಗ್ಗದಂಥ ಪಟ್ಟಿ ಸಿಗುತ್ತದೆ. ಆಮೇಲೆ ಬಾಯಿ ತೆರೆಯುವುದಿಲ್ಲ. ಆರೋಗ್ಯವಂತರು ತಮ್ಮದೇ ಮೂರು ಬೆರಳನ್ನು ಉದ್ದುದ್ದ ಜೋಡಿಸಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ತೂರಿಸಬಲ್ಲರು. ಈ ರೋಗ ಬಂದವನಿಗೆ ಎರಡು, ಮುಂದೆ ಒಂದು, ಕೊನೆಗೆ ಅದೂ ಇಲ್ಲ. ಮುದ್ದೆ ನುಂಗುವುದಿರಲಿ, ಹಲ್ಲುಜ್ಜುವ ಬ್ರಷ್ಷೂ ಒಳಗೆ ಹೋಗದು. ಇದಕ್ಕೆ ತಂಬಾಕು ಬೇಕಿಲ್ಲ, ಅಡಿಕೆಯೊಂದೇ ಸಾಕು. ಅಡಿಕೆ ಬಿಟ್ಟ ಮೇಲೂ ಬಾಯಿ ಮೊದಲಿನಂತಾಗುವುದಿಲ್ಲ. ಇಂಥವರಲ್ಲಿ ಒಂದು ಪಾಲಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ.

ಇದನ್ನು ಎಲ್ಲಿ ನೋಡಬಹುದು? ದಾಸರಹಳ್ಳಿ ಮೆಟ್ರೊ ನಿಲ್ದಾಣದಿಂದ ಇಳಿದು ಪೀಣ್ಯದ ಕಡೆ ನಡೆಯಿರಿ. ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸು, ಒಳಗೆ ಚೊಕ್ಕಸಂದ್ರ, ಮಲ್ಲಸಂದ್ರ. ಗಾರ್ಮೆಂಟ್ಸ್, ಲೇತ್, ಪೌಡರ್ ಕೋಟಿಂಗ್, ಗೋದಾಮು. ಪಾಳಿ ಬಿಡುವ ಹೊತ್ತಿಗೆ ಗೂಡಂಗಡಿಯ ಮುಂದೆ ನಿಂತು ನೋಡಿ. ತೋರಣದಂತೆ ನೇತಾಡುವ ಪ್ಯಾಕೆಟ್ಟುಗಳ ಎರಡು ಸಾಲು, ಒಂದು ಪಾನ್ ಮಸಾಲದ್ದು, ಇನ್ನೊಂದು ತಂಬಾಕಿನದು. ಹುಡುಗ ಬಾಯಿಬಿಟ್ಟು ಕೇಳುವುದೂ ಇಲ್ಲ, ಅಂಗಡಿಯವನೇ ಒಂದರಿಂದ ಒಂದು, ಇನ್ನೊಂದರಿಂದ ಒಂದು ಕಿತ್ತು ಕೊಡುತ್ತಾನೆ. ಹುಡುಗ ಹಲ್ಲಲ್ಲಿ ತುದಿ ಕಚ್ಚಿ ಹರಿದು, ಸಣ್ಣದನ್ನು ದೊಡ್ಡದಕ್ಕೆ ಸುರಿದು, ಬೆರಳ ನಡುವೆ ಹಿಡಿದು ಅಲುಗಾಡಿಸಿ, ತಲೆ ಹಿಂದಕ್ಕೆ ಚೆಲ್ಲಿ ಬಾಯಿಗೆ ಬಿಟ್ಟುಕೊಳ್ಳುತ್ತಾನೆ. ಕ್ಷಣಮಾತ್ರದ ಕೆಲಸ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರ ಮೇ ಕೊನೆಯಲ್ಲಿ. ತಂಬಾಕು ಬೆರೆಸಿ ಮಾರಬಾರದೆಂದು ಕಾನೂನು ಹೇಳಿತು, ಕಂಪನಿಗಳು ಬೆರೆಸುವ ಕೆಲಸವನ್ನು ಗಿರಾಕಿಗೇ ಬಿಟ್ಟವು. ಈ ಜೋಡಿ ಪ್ಯಾಕೆಟ್ಟಿನ ಕುತಂತ್ರವನ್ನು ತಡೆಯಿರಿ ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಆಯಿತು.

ಇವರು ಯಾಕೆ ಅಗಿಯುತ್ತಾರೆ? ಚಟಕ್ಕೆ ಎಂದು ಕೈತೊಳೆದುಕೊಳ್ಳುವುದು ಸುಲಭ. ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ತೂಕಡಿಸಿದರೆ ಬೆರಳು ಹೋಗುತ್ತದೆ, ಅದಕ್ಕೆ. ಊಟದ ಬಿಡುವು ಬರುವವರೆಗೆ ಹಸಿವು ಸತ್ತಿರಲಿ ಎಂದು. ಹಾವೇರಿ, ರಾಯಚೂರು, ಬಿಹಾರ, ಒಡಿಶಾಗಳಿಂದ ಬಂದು ಹತ್ತಡಿ ಕೋಣೆಯಲ್ಲಿ ನಾಲ್ವರು ಮಲಗುವವರಿಗೆ ಇದು ಎಚ್ಚರವಿರಿಸುವ, ಹಸಿವಡಗಿಸುವ ಅತಿ ಅಗ್ಗದ ಸಾಧನ. ಅಸಿಟೈಲ್‌ಕೋಲಿನ್ ವೇಷಧಾರಿ ಮಿದುಳಿನಲ್ಲೂ ಕೆಲಸ ಮಾಡುತ್ತಾನೆ, ಮರೆಯಬೇಡಿ. ಅವರಿಗೆ 'ಅಡಿಕೆಯಿಂದ ಏನೂ ಆಗಲ್ಲ, ಮೇಲಾಗಿ ಔಷಧಿ' ಎಂದು ಹೇಳಿಕೊಡುವವರು ಯಾರು? ಮೈಕು ಹಿಡಿದ ಆ ಶಾಲಿನವರು. ಎಲೆ ಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡ ಗಾರೆ ಕೆಲಸದ ಹೆಂಗಸು ತಂಬಾಕನ್ನು ಬಿಟ್ಟು, 'ಬರೀ ಅಡಿಕೆ ಅಲ್ವಾ' ಎಂದು ಸಮಾಧಾನಪಟ್ಟುಕೊಳ್ಳುವುದು ಇವರ ಮಾತಿನಿಂದಲೇ.

ಮಕ್ಕಳ ವಿಷಯಕ್ಕೆ ಬಂದರೆ ರಕ್ತ ಕುದಿಯುತ್ತದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ. ಸಿಹಿ ಅಡಿಕೆ ಪುಡಿ? ಶಾಲೆಯ ಗೇಟಿಗೇ ಒರಗಿ ಮಾರಬಹುದು, ಆ ಕಾನೂನಿನ ಕಣ್ಣಿಗೆ ಅದು ತಂಬಾಕಲ್ಲ. ಬಣ್ಣದ ಹಾಳೆ, ಗುಲ್ಕಂದಿನ ವಾಸನೆ, ಮಿಠಾಯಿಯ ಸಾಲಿನಲ್ಲೇ ಜಾಗ. ಅಡಿಕೆ ಪುಡಿಯ ಪ್ಯಾಕೆಟ್ಟಿನ ಮೇಲೆ ಇದು ಆರೋಗ್ಯಕ್ಕೆ ಹಾನಿಕರ ಎಂದು ಮುದ್ರಿಸಬೇಕೆಂದು ದೇಶದ ಆಹಾರ ಕಾನೂನೇ ವಿಧಿಸಿದೆ. ಅಂದರೆ ಒಂದೇ ಸರ್ಕಾರ ಪ್ಯಾಕೆಟ್ಟಿನ ಮೇಲೆ ಹಾನಿಕರ ಎಂದು ಬರೆಸುತ್ತದೆ, ವೇದಿಕೆಯ ಮೇಲೆ ಹಾನಿ ಇಲ್ಲ ಎಂದು ಭಾಷಣ ಮಾಡಿಸುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು ಮಗು?

ಬೆಳೆಗಾರರ ಹೊಟ್ಟೆಪಾಡು ಎಂಬ ಗುರಾಣಿ ಈಗ ಎದ್ದು ನಿಲ್ಲುತ್ತದೆ. ನಿಲ್ಲಲಿ. ಕೊಳೆರೋಗಕ್ಕೆ ಮಳೆಯಲ್ಲೇ ಮರ ಹತ್ತಿಸಿ ಬೋರ್ಡೋ ದ್ರಾವಣ ಹೊಡೆಸುವ, ಎಲೆಚುಕ್ಕಿ, ಹಳದಿ ಎಲೆ ರೋಗಗಳಿಂದ ತೋಟ ಕಳೆದುಕೊಂಡ ಸಣ್ಣ ಹಿಡುವಳಿದಾರನ ಕಷ್ಟ ನನಗೆ ಗೊತ್ತು. ಆದರೆ ಅವನ ಹೆಸರಿನಲ್ಲಿ ಯಾರು ಮಾತಾಡುತ್ತಿದ್ದಾರೆ ನೋಡಿ. ಶಿವಮೊಗ್ಗದ ಮಂಡಿಯಿಂದ ಹೊರಡುವ ರಾಶಿ ಇಡಿ, ಗೊರಬಲು ಅಡಿಕೆ ಎಲ್ಲಿಗೆ ಹೋಗುತ್ತದೆ? ದೇವರ ಪೂಜೆಗೆ ಎಷ್ಟು ಹೋದೀತು? ಕೆಂಪಡಿಕೆಯ ಬಹುಪಾಲು ಹೋಗುವುದು ಉತ್ತರದ ಪಾನ್ ಮಸಾಲ, ಗುಟ್ಕಾ ಕಾರ್ಖಾನೆಗಳಿಗೆ. ಇದು ಮಂಡಿಯ ಹಮಾಲನಿಗೂ ತಿಳಿದಿದೆ. ಗುಟ್ಕಾ ನಿಷೇಧದ ಸುದ್ದಿ ಬಂದಾಗಲೆಲ್ಲ ಅಡಿಕೆ ಧಾರಣೆ ನಡುಗುವುದೇಕೆ, ಅಡಿಕೆಗೂ ಗುಟ್ಕಾಕ್ಕೂ ಸಂಬಂಧವೇ ಇಲ್ಲದಿದ್ದರೆ? ಎಲೆ, ಸುಣ್ಣ, ಏಲಕ್ಕಿಯ ಮರ್ಯಾದಸ್ಥ ತಾಂಬೂಲವನ್ನು ಮುಂದೆ ಹಿಡಿದು, ಅದರ ಹಿಂದೆ ಲಾರಿಗಟ್ಟಲೆ ಗುಟ್ಕಾ ಮಾಲು ಸಾಗಿಸುವುದನ್ನು ಸಂಸ್ಕೃತಿ ರಕ್ಷಣೆ ಎಂದು ಕರೆಯುವುದು ನಿಲ್ಲಲಿ.

ಅಷ್ಟಕ್ಕೂ ಬೆಳೆಗಾರನಿಗೆ ಈ ಸುಳ್ಳಿನಿಂದ ಆಗಿದ್ದೇನು? 'ಅಡಿಕೆಗೆ ಅಳಿವಿಲ್ಲ' ಎಂದು ನಂಬಿಸಿದ್ದಕ್ಕೆ ಚಿತ್ರದುರ್ಗ, ದಾವಣಗೆರೆ, ತುಮಕೂರಿನ ಬಯಲುಗಳಲ್ಲೂ ಬೋರ್‌ವೆಲ್ ಕೊರೆದು, ಭತ್ತದ ಗದ್ದೆಗೆ ಮಣ್ಣು ತುಂಬಿ ಅಡಿಕೆ ಸಸಿ ಇಟ್ಟರು. ಒಂದೇ ಬೆಳೆ, ಒಂದೇ ಗಿರಾಕಿ. ನಾಳೆ ಆ ಗಿರಾಕಿ ಬಾಗಿಲು ಹಾಕಿದರೆ ಮೊದಲು ಮುಳುಗುವವನು ಕೊನೆಗೆ ಸಸಿ ನೆಟ್ಟವನು. ಅವನಿಗೆ ನಿಜ ಹೇಳದೆ ಮುಚ್ಚಿಟ್ಟವರು ಅವನ ಹಿತೈಷಿಗಳೇ?

ಬೇರೆ ದಾರಿಯೇ ಇಲ್ಲವೆನ್ನುವವರು ಪುತ್ತೂರಿಗೆ ಹೋಗಿ ಬನ್ನಿ. 1973ರಲ್ಲಿ ಅಡಿಕೆಗೆಂದೇ ಹುಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊ, ತೋಟದ ನೆರಳಲ್ಲಿ ಬೆಳೆದ ಕೋಕೊಗೆ ಕೊಳ್ಳುವವರಿಲ್ಲದಾದಾಗ ಭಾಷಣ ಮಾಡುತ್ತ ಕೂರಲಿಲ್ಲ. ತಾನೇ ಕೊಂಡು, 1986ರಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿತು. ರೈತರ ಸಂಸ್ಥೆ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಆ ಜಾಣ್ಮೆಯೂ ಧೈರ್ಯವೂ ಈಗ ಅಡಿಕೆಯ ವಕೀಲಿಕೆಗೆ ಖರ್ಚಾಗುತ್ತಿರುವುದು ನೋವಿನ ಸಂಗತಿ.

ಇನ್ನು ಸಂಶೋಧನೆ. ಆರಗ ಜ್ಞಾನೇಂದ್ರ ಅಧ್ಯಕ್ಷರಾಗಿದ್ದ ರಾಜ್ಯ ಸರ್ಕಾರದ ಅಡಿಕೆ ಕಾರ್ಯಪಡೆ ನಮ್ಮ ಪಕ್ಕದ ಎಂ.ಎಸ್. ರಾಮಯ್ಯ ವಿಶ್ವವಿದ್ಯಾಲಯಕ್ಕೆ ಅಡಿಕೆಯ ಅಧ್ಯಯನ ವಹಿಸಿತು. ಕೇಂದ್ರ ಸರ್ಕಾರ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಮುಂದಾಳತ್ವದಲ್ಲಿ, ಏಮ್ಸ್‌ನಂಥ ಸಂಸ್ಥೆಗಳನ್ನೂ ಸೇರಿಸಿ, ಅಡಿಕೆ ಮತ್ತು ಮನುಷ್ಯನ ಆರೋಗ್ಯದ ಸಂಶೋಧನೆಗೆ ಸುಮಾರು 10 ಕೋಟಿ ರೂಪಾಯಿ ಕೊಟ್ಟಿದೆ. ಸಂಶೋಧನೆ ಆಗಲಿ, ವಿಜ್ಞಾನಿಗಳ ಮೇಲೆ ನನಗೆ ಅನುಮಾನವಿಲ್ಲ. ಅನುಮಾನ ಇರುವುದು ಹಣ ಬಿಡುಗಡೆ ಮಾಡಿಸಿದವರ ಬಾಯಿಯ ಮೇಲೆ. ಅಡಿಕೆ ಹಾನಿಕರವಲ್ಲ ಎಂದು ಸಾಬೀತು ಮಾಡಿಸುತ್ತೇವೆ ಎಂದು ಅವರು ಮೊದಲೇ ಸಾರಿಬಿಟ್ಟಿದ್ದಾರೆ. ತೀರ್ಪು ಬರೆದಿಟ್ಟು ಸಾಕ್ಷಿ ಹುಡುಕಲು ಕಳಿಸುವ ನ್ಯಾಯಾಲಯಕ್ಕೆ ಏನೆನ್ನುತ್ತಾರೆ? ಅಡಿಕೆ ಹಾನಿಕರ ಎಂದೇ ವರದಿ ಬಂದರೆ ಅದನ್ನು ಅದೇ ವೇದಿಕೆಯಿಂದ ಓದುತ್ತೇವೆ ಎಂದು ಒಬ್ಬರಾದರೂ ಮಾತು ಕೊಟ್ಟಿದ್ದಾರೆಯೇ?

ಆದ್ದರಿಂದ ಆಗಬೇಕಾದ್ದನ್ನು ನೇರವಾಗಿ ಹೇಳುತ್ತೇನೆ. ಈ ಸಂಶೋಧನೆಗಳ ಫಲಿತಾಂಶ ಏನೇ ಬರಲಿ ಪೂರ್ತಿಯಾಗಿ ಪ್ರಕಟಿಸುತ್ತೇವೆಂದು ಸರ್ಕಾರ ಈಗಲೇ ಬರೆದುಕೊಡಲಿ. ಅರೆಕೊಲಿನ್‌ನಿಂದ ಶಾಕ್‌ಗೆ ಔಷಧ ಹುಟ್ಟಿದರೆ ಔಷಧ ನಿಯಂತ್ರಕರ ಮುಂದೆ ಹೋಗಲಿ, ಅಲ್ಲಿಯವರೆಗೆ ಅದನ್ನು ಅಡಿಕೆ ಮಾರಾಟದ ಜಾಹೀರಾತಾಗಿ ಬಳಸುವುದು ಅಪರಾಧವಾಗಲಿ. ತಂಬಾಕಿಗಿರುವ ನೂರು ಗಜದ ಗೆರೆ ಅಡಿಕೆ ಪುಡಿಗೂ ಪಾನ್ ಮಸಾಲಕ್ಕೂ ಬರಲಿ. ಜೋಡಿ ಪ್ಯಾಕೆಟ್ಟನ್ನು ಅಂಗಡಿಯವನ ಮೇಲಲ್ಲ, ಕಾರ್ಖಾನೆಯ ಮೇಲೆ ಕೇಸು ಹಾಕಿ ನಿಲ್ಲಿಸಲಿ. ಹೊಸ ಅಡಿಕೆ ತೋಟಕ್ಕೆ ಸರ್ಕಾರದ ಯಾವ ನೆರವೂ ಬೇಡ, ಅಡಿಕೆಯಿಂದ ಹೊರಬರುವವನಿಗೆ ಬದಲಿ ಬೆಳೆ ಫಲ ಕೊಡುವವರೆಗೂ ಕೈಹಿಡಿಯುವ ನಿಧಿ ಬೇಕು.

ಎಲ್ಲಕ್ಕಿಂತ ಮೊದಲು ಬಾಯಿ ನೋಡುವವರು ಬೇಕು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಲ್ಲಿ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದರಷ್ಟು ಇಳಿದದ್ದನ್ನು 2005ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು. ಅದಕ್ಕೆ ಬೇಕಾದದ್ದು ಒಂದು ಟಾರ್ಚು ಮತ್ತು ಎರಡು ನಿಮಿಷ. ಪೀಣ್ಯದ ಕಾರ್ಮಿಕನ ಸಂಬಳದಿಂದ ತಿಂಗಳು ತಿಂಗಳು ಇಎಸ್‌ಐ ಹಣ ಹಿಡಿಯುತ್ತಾರಲ್ಲ, ಆ ಹಣದಲ್ಲಿ ವರ್ಷಕ್ಕೊಮ್ಮೆ ಅವನ ಬಾಯಿ ತೆರೆಸಿ ನೋಡಲಾಗದೇ? ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದವಡೆ ತೆಗೆಸಿಕೊಳ್ಳಲು ಸಾಲಿನಲ್ಲಿ ನಿಲ್ಲುವವರೆಗೂ ಕಾಯಬೇಕೇ?

ಅಡಿಕೆ ನಿರುಪದ್ರವಿ ಎನ್ನುವ ಜನಪ್ರತಿನಿಧಿಗಳಿಗೊಂದು ಆಹ್ವಾನ. ಮುಂದಿನ ಅಡಿಕೆ ಸಮಾವೇಶ ಸಾಗರದಲ್ಲೂ ಬೇಡ, ಶಿವಮೊಗ್ಗದಲ್ಲೂ ಬೇಡ. ಪೀಣ್ಯ ಎರಡನೇ ಹಂತದಲ್ಲಿ, ರಾತ್ರಿ ಪಾಳಿ ಬಿಡುವ ಹೊತ್ತಿಗೆ ಪೆಂಡಾಲು ಹಾಕಿಸಿ. ಶಾಲು, ಹಾರ, ಮೈಕು ಎಲ್ಲವೂ ಇರಲಿ. ಪಕ್ಕದಲ್ಲೊಂದು ಮೇಜು, ದಂತವೈದ್ಯರು ನಾಲ್ವರು. ಭಾಷಣಕ್ಕೆ ಮೊದಲು ಸಭಿಕರೆಲ್ಲ ಮೂರು ಬೆರಳು ಜೋಡಿಸಿ ಬಾಯಿಗಿಟ್ಟು ನೋಡಲಿ. ಬೆರಳು ಒಳಗೆ ಹೋಗದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, ಅವರ ಮುಖ ನೋಡಿಕೊಂಡು ಅಡಿಕೆ ಔಷಧವೆಂದು ಹೇಳಿ.